ಅಕ್ಕನ ಬಲಗಾಲು

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕನ ಹಳೆಯ ಕಾರಿಗೆ, ಕಾರಿನ ಹುಚ್ಚು ಹತ್ತಿದ ತಮ್ಮ ಪ್ರೀತಿಯಿಂದ ರೇಸ್ ಕಾರಿನ ಕ್ಯಾಮ್‌ಶಾಫ್ಟನ್ನೂ ದೊಡ್ಡ ಕಾರ್ಬ್ಯುರೇಟರನ್ನೂ ಹಾಕಿಕೊಟ್ಟಿದ್ದ. "ಇನ್ಮೇಲೆ ಹಕ್ಕಿ ಥರ ಹಾರುತ್ತೆ, ನೋಡ್ತಾ ಇರು" ಅಂದಿದ್ದ. ಹೆದ್ದಾರಿಯಲ್ಲೇನೋ ಹಾರುತ್ತಿತ್ತು. ಆದರೆ ಅಕ್ಕ ಓಡಾಡುವ ದಾರಿಯೆಲ್ಲ ಮಾರುಕಟ್ಟೆ ಬೀದಿ, ಸಿಗ್ನಲ್ಲು. ವೇಗಕ್ಕೆಂದೇ ಮಾಡಿದ ಆ ಭಾಗಗಳಿಂದಾಗಿ, ನಿಧಾನ ಮಾಡಿದರೆ ಕಾರು ಮುಗ್ಗರಿಸುತ್ತಿತ್ತು, ನಿಲ್ಲಿಸಿದರೆ ಎಂಜಿನ್ನೇ ಆರಿಹೋಗುತ್ತಿತ್ತು. ಹಿಂದಿನ ಗಾಡಿಗಳ ಹಾರ್ನ್ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಆದರೂ ತಮ್ಮ ವಿಚಾರಿಸಿದಾಗಲೆಲ್ಲ "ಚೆನ್ನಾಗಿದೆ ಕಣೋ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ತಮ್ಮನೇ ಪಕ್ಕದಲ್ಲಿ ಕೂತ. ಸಿಗ್ನಲ್ ಬಂತು. ಅಕ್ಕ ಬಲಗಾಲಿನ ಬೆರಳುಗಳಿಂದ ಬ್ರೇಕ್ ಒತ್ತಿ, ಅದೇ ಕಾಲಿನ ಹಿಮ್ಮಡಿಯಿಂದ ಆಕ್ಸಿಲರೇಟರ್ ಮೀಟುತ್ತಾ ಎಂಜಿನ್ನಿನ ಜೀವ ಹಿಡಿದಿಟ್ಟಿದ್ದನ್ನು ಅವನು ಕಂಡ.

"ಇದನ್ನ ಯಾವಾಗ ಕಲಿತೆ ಅಕ್ಕಾ?"

"ನೀನು ಉಡುಗೊರೆ ಕೊಟ್ಟ ಮೇಲೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ನಿನ್ನ ಮುಖ ಬಾಡಿಹೋಗುತ್ತೆ ಅಂತ ಸುಮ್ನಿದ್ದೆ."

ಅವನ ಮುಖವೇನೂ ಬಾಡಲಿಲ್ಲ. ನಗುತ್ತಾ ಹಣೆ ಚಚ್ಚಿಕೊಂಡ. ಆ ಭಾನುವಾರ, ಬಿಚ್ಚಿಟ್ಟಿದ್ದ ಹಳೆಯ ಭಾಗಗಳನ್ನೇ ತೊಳೆದು ಮತ್ತೆ ಜೋಡಿಸಿದ.

ಮರುದಿನ ಸಿಗ್ನಲ್ಲಿನಲ್ಲಿ ಕಾರು ಎಷ್ಟು ಮೆಲ್ಲಗೆ ಉಸಿರಾಡುತ್ತಾ ನಿಂತಿತೆಂದರೆ, ಎಂಜಿನ್ ಆರಿಹೋಯಿತೆಂದುಕೊಂಡು ಅಕ್ಕ ಕೀ ತಿರುಗಿಸಿಯೇಬಿಟ್ಟಳು. ಓಡುತ್ತಿದ್ದ ಎಂಜಿನ್ನು ಕರಕರ ಎಂದು ಗೊಣಗಿತು. ಒಬ್ಬಳೇ ಕೂತು ನಗುತ್ತಿದ್ದವಳಿಗೆ ಹಸಿರು ದೀಪ ಬಂದದ್ದೇ ಗೊತ್ತಾಗಲಿಲ್ಲ.