ಖೋಟಾ ಎನಿಸಿಕೊಂಡ ಮಿಲಿಂದನ ದ್ರಮ್ಮ

ನಾನು ಒಂದು ದ್ರಮ್ಮ. ಹೆಬ್ಬೆರಳ ಉಗುರಿಗಿಂತ ತುಸುವೇ ಅಗಲವಾದ ಬೆಳ್ಳಿ ನಾಣ್ಯ. ಹಿಂದೂಕುಷ್ ಬೆಟ್ಟಗಳ ಕೆಳಗಿನ ಸೀಮೆಯನ್ನು ಗ್ರೀಕ್ ಅರಸರು ಆಳುತ್ತಿದ್ದ ಕಾಲದಲ್ಲಿ ನಾನು ಹುಟ್ಟಿದೆ. ನನ್ನ ಅರಸನನ್ನು ಗ್ರೀಕರು ಮಿನಾಂಡರ್ ಎಂದು ಕರೆದರು, ಬೌದ್ಧರು ಮಿಲಿಂದ ಎಂದರು. ಅವನ ಟಂಕಸಾಲೆಯಲ್ಲಿ ಒಬ್ಬ ಗಟ್ಟಿಮುಟ್ಟಾದ ಆಳು ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಲವಾಗಿ ಬಡಿದ. ಆ ಏಟಿಗೆ ನನ್ನ ಒಂದು ಮುಖದಲ್ಲಿ ತಲೆಗೆ ಪಟ್ಟಿ ಕಟ್ಟಿದ ಅರಸ ಮೂಡಿದ, ಸುತ್ತ ಗ್ರೀಕ್ ಅಕ್ಷರ. ಇನ್ನೊಂದು ಮುಖದಲ್ಲಿ ಗುರಾಣಿ ಹಿಡಿದು ಸಿಡಿಲು ಎಸೆಯುವ ದೇವಿ ಮೂಡಿದಳು, ಅವಳ ಸುತ್ತ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಅಕ್ಷರ.

ಎಷ್ಟೋ ಸಂತೆ ತಿರುಗಿ, ಎಷ್ಟೋ ಸೊಂಟದ ಚೀಲಗಳಲ್ಲಿ ಮಲಗಿ, ಕೊನೆಗೆ ಒಬ್ಬ ಹೆಂಗಸಿನ ಕೈ ಸೇರಿದೆ. ಅವಳು ನಮ್ಮನ್ನೆಲ್ಲ ಗಡಿಗೆಗೆ ತುಂಬಿ ಒಲೆಯ ಹಿಂದಿನ ಗೋಡೆಯೊಳಗೆ ಮುಚ್ಚಿಟ್ಟಳು. ಸ್ವಲ್ಪ ದಿನಕ್ಕೇ ಕುದುರೆ ದಂಡು ಬಂತು, ಊರು ಹೊತ್ತಿಕೊಂಡಿತು. ಬೆಂಕಿಯಲ್ಲಿ ನಾನು ಕರಗಲಿಲ್ಲ. ಆದರೆ ಮೈತುಂಬ ಸಾಸಿವೆಗಿಂತ ಸಣ್ಣ ಕುಳಿಗಳು ಬಿದ್ದವು. ಬಚ್ಚಿಟ್ಟವಳು ತಿರುಗಿ ಬರಲಿಲ್ಲ. ಬೂದಿಯ ಮೇಲೆ ಮಣ್ಣು ಬಂತು, ಮಣ್ಣಿನ ಮೇಲೆ ಹುಲ್ಲು ಬಂತು.

ನನ್ನನ್ನು ಮತ್ತೆ ಬೆಳಕಿಗೆ ತಂದವನು ಬೆಳಗಾವಿ ಕಡೆಯ ಹವಾಲ್ದಾರ, ಭರಮಪ್ಪ. ಬ್ರಿಟಿಷರ ಕಾಲದಲ್ಲಿ ವಾಯವ್ಯ ಗಡಿನಾಡಿನಲ್ಲಿ ಕಂದಕ ತೋಡುವಾಗ ಅವನ ಗುದ್ದಲಿಗೆ ನಾನೊಬ್ಬನೇ ಸಿಕ್ಕೆ. ರಜೆಗೆ ಊರಿಗೆ ಬಂದವನು ಹೆಂಡತಿ ತಾನವ್ವನ ಅಂಗೈಯಲ್ಲಿ ನನ್ನನ್ನು ಇಟ್ಟ.

"ನೋಡ, ಅಲ್ಲಿ ಮಣ್ಣಾಗ ಎಲ್ಲವ್ವ ಸಿಕ್ಕಾಳ."

ತಾನವ್ವ ಅರಸನನ್ನು ಅಡಿಮಾಡಿ ದೇವಿಯನ್ನು ಮೇಲೆ ಮಾಡಿ ನನ್ನನ್ನು ದೇವರ ಜಗಲಿಯ ಮೇಲೆ ಕೂರಿಸಿದಳು. ಯಾವ ಊರಿನಲ್ಲೋ ಹುಟ್ಟಿದ ದೇವಿಗೆ ದಿನಾಲು ಕುಂಕುಮ ಬಿತ್ತು. ಭರಮಪ್ಪ ಮುಂದಿನ ಯುದ್ಧದಿಂದ ಬರಲಿಲ್ಲ. ಆಮೇಲೆ ತಾನವ್ವ ಕುಂಕುಮವನ್ನು ನನಗಷ್ಟೇ ಹಚ್ಚಿದಳು, ತಾನು ಹಚ್ಚಿಕೊಳ್ಳಲಿಲ್ಲ. ಮಕ್ಕಳಿರಲಿಲ್ಲ. ಶಹಾಪುರದ ಒಂದು ಓಣಿಯಲ್ಲಿ, ಎರಡು ಖೋಲಿಯ ಮನೆಯಲ್ಲಿ ರವಿಕೆ ಹೊಲಿದುಕೊಂಡು ಇದ್ದಳು.

ಪಕ್ಕದ ಮನೆಗೆ ಮಂದಾಕಿನಿ ಕಡಕೋಳ ಬಂದದ್ದು ಆಗ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳಿಗೆ ನೌಕರಿ. ಹಗಲೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೇರೆಯವರ ಮಾತು ಬೇರೆಯವರಿಗೆ ಜೋಡಿಸುವುದು ಅವಳ ಕೆಲಸ. ಮದುವೆ ಆಗಿರಲಿಲ್ಲ. ಹಳೆಯ ನಾಣ್ಯ ಕೂಡಿಸುವುದೇ ಅವಳ ಹುಚ್ಚು. ಬೇರೆಯವರು ನಾಣ್ಯದ ಬೆಲೆ ಕೇಳಿದರೆ ಅವಳು ಅದರ ಅಕ್ಷರ ಕೇಳುತ್ತಿದ್ದಳು. ಗ್ರೀಕ್ ಲಿಪಿಯನ್ನೂ ಖರೋಷ್ಠಿಯನ್ನೂ ತಾನೇ ಕಲಿತಿದ್ದಳು.

ಒಂದು ದಿನ ತಾನವ್ವನ ಮನೆಗೆ ಬೆಲ್ಲ ಕೇಳಲು ಬಂದವಳು ಜಗಲಿಯ ಮುಂದೆ ನಿಂತುಬಿಟ್ಟಳು.

"ಆಯಿ, ಇದನ್ನ ಒಂಚೂರ ನೋಡ್ಲ್ಯಾ?"

"ನೋಡವ. ದೇವರನ್ನ ನೋಡಾಕ ಯಾರರ ಬ್ಯಾಡ ಅಂತಾರೇನ?"

ಮಂದಾಕಿನಿ ನನ್ನನ್ನು ನೀರಿನಲ್ಲಿ ನೆನೆಸಿದಳು. ಉಜ್ಜಲಿಲ್ಲ. ಕುಂಕುಮ ತಾನಾಗಿ ಬಿಟ್ಟುಕೊಂಡಿತು. ಅಂಚು ಹಿಡಿದು ಕಿಟಕಿಯ ಬೆಳಕಿಗೆ ಓರೆಯಾಗಿ ಒಡ್ಡಿ, ಭೂತಗನ್ನಡಿಯ ಹಿಂದೆ ಕಣ್ಣು ಕಿರಿದು ಮಾಡಿ ಬಲಗಡೆಯಿಂದ ಒಂದೊಂದೇ ಅಕ್ಷರ ಕೂಡಿಸಿದಳು. "ಮ... ಹ... ರ... ಜ... ಸ." ತಡೆದಳು. "ತ್ರ... ತ... ರ... ಸ." ಆಮೇಲೆ ಒಂದೇ ಉಸಿರಿಗೆ, "ಮೆನಂದ್ರಸ!" ಎಂದಳು.

ಆ ಊರು ಸುಟ್ಟ ಮೇಲೆ ನನ್ನ ಮೈಮೇಲಿನ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೆಳ್ಳಿಯ ಕಣ್ಣಲ್ಲಿ ನೀರು ಬರುವಂತಿದ್ದರೆ ಅಂದು ಬರುತ್ತಿತ್ತು.

"ಏನಂತೈತಿ ಅದು?" ಎಂದಳು ತಾನವ್ವ.

"ಮಹಾರಾಜಾ, ಕಾಯಾಂವ, ಮಿನಾಂಡರ್ ಅಂತೈತಿ ಆಯಿ. ಇಂವಾ ರಾಜಾ. ಈಕಿ ಗ್ರೀಕರ ದೇವಿ."

"ಅಂದ್ರ ಎಲ್ಲವ್ವ ಅಲ್ಲ?"

ಮಂದಾಕಿನಿ ಮುದುಕಿಯ ಮುಖ ನೋಡಿದಳು. "ಅವರೂರ ಎಲ್ಲವ್ವನ ಅನ್ರಿ."

ತಾನವ್ವ ನಕ್ಕಳು. ಆ ವರ್ಷ ಮಂದಾಕಿನಿಗೆ ವಿಷಮಶೀತ ಜ್ವರ ಬಂದಾಗ ಗಂಜಿ ಕುಡಿಸಿ, ಹಣೆಗೆ ಬಟ್ಟೆ ಇಟ್ಟು ಬದುಕಿಸಿದವಳು ಅವಳೇ. ಜ್ವರ ಬಿಟ್ಟ ದಿನ ನನ್ನನ್ನು ಜಗಲಿಯಿಂದ ತೆಗೆದು ಅವಳ ಕೈಯಲ್ಲಿಟ್ಟಳು. "ನನ್ನ ಹಿಂದ ಇದಕ್ಕ ಯಾರದಾರ? ನೀನ ಇಟ್ಕೋ. ನಿನಗ ಅದರ ಮಾತ ತಿಳಿತೈತಿ."

ಹೀಗೆ ನಾನು ಮಂದಾಕಿನಿಯವನಾದೆ. ನೀಲಿ ಮಕಮಲ್ಲು ಹಾಸಿದ ಪೆಟ್ಟಿಗೆಯ ಗುಂಡಿಯಲ್ಲಿ ನನಗೆ ಜಾಗ. ನನ್ನ ಮಗ್ಗುಲಲ್ಲಿ ಬೇರೆ ಗ್ರೀಕ್ ಅರಸರ ತಾಮ್ರದ ತುಣುಕುಗಳಿದ್ದವು. ಆನೆಯ ತಲೆಯದು ಒಂದು, ಗೂಳಿಯದು ಇನ್ನೊಂದು. ಸಂಜೆ ಅವಳು ಕಿವಿಯ ಹಿಂದೆ ಹೆಡ್‌ಫೋನಿನ ಕೆಂಪು ಗುರುತು ಹೊತ್ತು ಬಂದು, ಚಹಾ ಮುಂದಿಟ್ಟುಕೊಂಡು ನಮ್ಮನ್ನು ನೋಡುತ್ತಾ ಕೂರುತ್ತಿದ್ದಳು. ಅಚ್ಚು ಕೊರೆದವನು ಅರಸನ ಮೂಗು ಹೇಗೆ ತೀಡಿದ್ದಾನೆ, ಪಟ್ಟಿಯ ತುದಿ ಬೆನ್ನ ಮೇಲೆ ಹೇಗೆ ಇಳಿದಿದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಗೋಡೆಯ ಆ ಕಡೆಯಿಂದ ತಾನವ್ವನ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ನನ್ನ ಆಯುಷ್ಯದಲ್ಲಿ ಸುಖದ ದಿನಗಳೆಂದರೆ ಅವೇ.

ಮಂದಾಕಿನಿಗೆ ನಾಣ್ಯ ಹಿಡಿಯುವುದನ್ನು ಕಲಿಸಿದವರು ಅಣ್ಣಾಸಾಹೇಬ ಇನಾಮದಾರರು. ಇತಿಹಾಸದ ಪ್ರೊಫೆಸರರು, ಊರಿನ ನಾಣ್ಯಸಂಗ್ರಾಹಕರಿಗೆಲ್ಲ ಹಿರಿಯರು. ಸಜ್ಜನರು. ಅವರ ಮಾತಿಗೆ ಎದುರುಮಾತು ಇರಲಿಲ್ಲ. ಒಂದು ವರ್ಷ ಯಾರೋ ವ್ಯಾಪಾರಿಗಳು ಜಿಲ್ಲೆಯ ತುಂಬ ಖೋಟಾ ಗ್ರೀಕ್ ನಾಣ್ಯ ಹರಡಿ ಹೋಗಿದ್ದರು. ಅಣ್ಣಾಸಾಹೇಬರೂ ಒಮ್ಮೆ ಮೋಸಹೋಗಿದ್ದರು. ಆ ಕಾಲದಲ್ಲೇ ವಾಚನಾಲಯದಲ್ಲಿ ನಾಣ್ಯಗಳ ಪ್ರದರ್ಶನ ಏರ್ಪಟ್ಟಿತು. ಮಂದಾಕಿನಿ ಮೊದಲ ಸಲ ನನ್ನನ್ನು ನಾಲ್ಕು ಜನರ ಮುಂದೆ ಇಟ್ಟಳು. ತಾನವ್ವನನ್ನೂ ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದಳು.

ಅಣ್ಣಾಸಾಹೇಬರು ನನ್ನನ್ನು ಎತ್ತಿಕೊಂಡರು. ಭೂತಗನ್ನಡಿ ನನ್ನ ಮೇಲೆ ಬಹಳ ಹೊತ್ತು ನಿಂತಿತು.

"ಮಂದಾಬಾಯಿ, ಇದು ಟಂಕಿಸಿದ್ದಲ್ಲ. ಎರಕ ಹೊಯ್ದದ್ದು. ಮೈಮ್ಯಾಗಿನ ಕುಳಿ ನೋಡ್ರಿ."

"ಇಲ್ರಿ ಸಾಹೇಬ್ರ, ಅದು..."

"ಎರಕದೊಳಗ ಗಾಳಿ ಗುಳ್ಳಿ ನಿಂತ್ರ ಹಿಂಗ ಆಗೂದು. ನಾನ ನಿಮಗ ಕಲಿಸೇನಿ."

ಬೆಂಕಿ, ಬೆಂಕಿ ಎಂದು ನಾನು ಒಳಗೊಳಗೇ ಕೂಗಿದೆ. ನನ್ನಲ್ಲಿ ಇದ್ದದ್ದು ಅರಸನ ಹೆಸರು ಮಾತ್ರ, ಬೇರೆ ಮಾತಿರಲಿಲ್ಲ. ಮಂದಾಕಿನಿ ಹಟಹಿಡಿದು, ಒಳಗೆ ಬೆಳ್ಳಿ ಇದೆಯೋ ಇಲ್ಲವೋ ಕೊಯ್ದು ನೋಡಿ ಎಂದಳು. ಅರದಿಂದ ನನ್ನ ಅಂಚು ಕೊಯ್ದರು. ಬಿಳಿ ಬೆಳ್ಳಿ ಹೊಳೆಯಿತು. ಅಣ್ಣಾಸಾಹೇಬರು ನಿಟ್ಟುಸಿರು ಬಿಟ್ಟರು. "ಈಗಿನವ್ರು ಖೋಟಾನೂ ಬೆಳ್ಳ್ಯಾಗ ಮಾಡ್ತಾರ, ಮಂದಾಬಾಯಿ." ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಯಾರೋ ಅವಳ ಬೇರೆ ನಾಣ್ಯಗಳ ಕಡೆಗೂ ಬಾಗಿ ನೋಡತೊಡಗಿದರು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಮಂದಾಕಿನಿ ತಾನವ್ವನನ್ನು ಕರೆದುಕೊಂಡು ಮನೆಗೆ ಬಂದಳು. ಮನೆಯ ಬಾಗಿಲಲ್ಲಿ ನಿಂತು ಕೇಳಬಾರದ್ದನ್ನು ಕೇಳಿದಳು.

"ಆಯಿ, ಖರೇ ಹೇಳ್ರಿ. ಇದು ಭರಮಪ್ಪಕಾಕಾ ತಂದದ್ದನ? ಪ್ಯಾಟ್ಯಾಗ ಯಾರರ ಮಾರಾವ್ರ ಕಡೆ ತಗೊಂಡೀರೇನು?"

ತಾನವ್ವ ಅವಳನ್ನೇ ನೋಡಿದಳು. ಸಿಟ್ಟು ಮಾಡಲಿಲ್ಲ. "ಆಂವಾ ಕೊಟ್ಟದ್ದಂತ ನನ್ನ ಹಂತ್ಯಾಕ ಇದ್ದದ್ದು ಅದೊಂದ ಇತ್ತು, ಮಂದಾ. ಅದನ್ನ ನಿನಗ ಕೊಟ್ನೆಲ್ಲ," ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನವೇ ಮಂದಾಕಿನಿ ಹೋಗಿ ಕಾಲು ಹಿಡಿದಳು. "ಏಳವ, ಏನೂ ಆಗಿಲ್ಲ," ಎಂದಳು ತಾನವ್ವ. ಚಹಾ ಕೊಟ್ಟಳು. ಆದರೆ ಮೊದಲಿನಂತೆ ಗೋಡೆ ಬಡಿದು ಊಟಕ್ಕೆ ಕರೆಯಲಿಲ್ಲ. ಭರಮಪ್ಪನ ಹೆಸರನ್ನು ಅವಳ ಮುಂದೆ ಎತ್ತಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಒಂದು ದಿನ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು, ಕೊನೆಗೆ ಮಂದಾಕಿನಿಯನ್ನು ಕರೆದ. ತಾನವ್ವ ಚಾಪೆಯ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು, ಮೈ ತಣ್ಣಗಾಗಿತ್ತು.

ಮಂದಾಕಿನಿ ತನ್ನ ನಾಣ್ಯಗಳನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟಳು. ನನ್ನನ್ನು ಯಾರೂ ಕೇಳಲಿಲ್ಲ. ಅಣ್ಣಾಸಾಹೇಬರ ಬಳಿ ಖೋಟಾ ನಾಣ್ಯಗಳದ್ದೇ ಒಂದು ಮರದ ಪೆಟ್ಟಿಗೆ ಇತ್ತು, ಕಲಿಯುವವರಿಗೆ ತೋರಿಸಲು. ಅವಳೇ ನನ್ನನ್ನು ಅದಕ್ಕೆ ಕೊಟ್ಟಳು. ಸುತ್ತಲಿನವರೆಲ್ಲ ನಿಜವಾದ ಖೋಟಾಗಳು, ಸೀಸ ಬೆರೆತು ಮಂಕಾದವರು. ವರ್ಷ ವರ್ಷ ಯಾರ ಯಾರದೋ ಬೆರಳು ನನ್ನ ಕುಳಿಗಳನ್ನು ತೋರಿಸಿ, "ಇದು ಎರಕದ ಗುರುತು" ಎಂದು ಹೇಳಿತು. ಕೇಳಿದವರು ತಲೆದೂಗಿದರು.

ಅಣ್ಣಾಸಾಹೇಬರು ಮುದುಕರಾದರು. ಒಮ್ಮೆ ಪೇಟೆಯ ಸರಾಫರೊಬ್ಬರ ಅಂಗಡಿ ಸುಟ್ಟುಹೋಯಿತು. ಅವರು ಬೂದಿಯಲ್ಲಿ ಸಿಕ್ಕ ರಾಣಿಯ ತಲೆಯ ಬೆಳ್ಳಿ ರೂಪಾಯಿಗಳನ್ನು ತಂದು, ಇವು ಇನ್ನೂ ನಾಣ್ಯವೋ ಬರೀ ಬೆಳ್ಳಿಯೋ ಎಂದು ಕೇಳಿದರು. ಸರ್ಕಾರದ ಟಂಕಸಾಲೆಯಲ್ಲಿ ಟಂಕಿಸಿದ ರೂಪಾಯಿಗಳು, ಅನುಮಾನವೇ ಇಲ್ಲ. ಅವುಗಳ ಮೈತುಂಬ ನನ್ನವೇ ಕುಳಿಗಳು. ಅಣ್ಣಾಸಾಹೇಬರು ಥಟ್ಟನೆ ಎದ್ದರು. ಪೆಟ್ಟಿಗೆ ತೆರೆದು ನನ್ನನ್ನು ರೂಪಾಯಿಯ ಪಕ್ಕ ಇಟ್ಟು ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಮಂದಾಕಿನಿಗೆ ಹೇಳಿಕಳಿಸಿದರು.

ಅವಳು ಬಂದಳು. ಕೂದಲು ಪೂರಾ ಬೆಳ್ಳಗಾಗಿತ್ತು, ನೌಕರಿಯಿಂದ ನಿವೃತ್ತಿಯೂ ಆಗಿತ್ತು. ಹೊಸ್ತಿಲ ಹತ್ತಿರದ ಕುರ್ಚಿಯಲ್ಲೇ ಕುಳಿತಳು.

"ಮಂದಾಬಾಯಿ, ನಾ ತಪ್ಪಿದೆ. ಅದು ಖರೇ ನಾಣ್ಯ. ಸುಟ್ಟದ್ದು ಅಷ್ಟ. ಎಲ್ಲಾರ ಮುಂದ ಹೇಳ್ತೀನಿ. ತಗೊಂಡ ಹೋಗ್ರಿ." ನನ್ನನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

ಅವಳು ಕೈ ಚಾಚಲಿಲ್ಲ.

"ಖೋಟಾ ಅಂತ ನೀವು ಅಂದಿದ್ದು ನಾಣ್ಯಕ್ಕ, ಸಾಹೇಬ್ರ. ತಾನಾಯಿಗೆ ಅಂದಾಕಿ ನಾನು. ಈಗ ಇದನ್ನ ಯಾರಿಗೆ ತೋರಿಸ್ಲಿ?"

ಎದ್ದಳು. ಚಪ್ಪಲಿ ಮೆಟ್ಟಿದಳು. ಅಣ್ಣಾಸಾಹೇಬರ ಅಂಗೈ ಇನ್ನೂ ಚಾಚಿಕೊಂಡೇ ಇತ್ತು. ಅವಳು ಮೆಟ್ಟಿಲಿಳಿದು ಹೋಗುವುದನ್ನು ನಾನು ಅಲ್ಲಿಂದಲೇ ನೋಡಿದೆ. ಅರಸನ ಕಣ್ಣು ಒಂದೇ ಕಡೆ ನೋಡುತ್ತದೆ. ಅಂದು ಆ ಕಡೆಗೇ ಬಾಗಿಲಿತ್ತು.

ಎಲ್ಲರ ಮುಂದೆ ಹೇಳುವಷ್ಟು ದಿನ ಅಣ್ಣಾಸಾಹೇಬರು ಉಳಿಯಲಿಲ್ಲ. ಮಗನ ಮುಂದೆ ಹೇಳಿದರು. ವಯಸ್ಸಾದವರ ಬಡಬಡಿಕೆ ಎಂದು ಮಗ ಹೂಂಗುಟ್ಟಿದ. ಪೆಟ್ಟಿಗೆ ಒಂದು ಕಾಲೇಜಿಗೆ ಹೋಯಿತು. ಅಲ್ಲಿ ಗಾಜಿನ ಕಪಾಟಿನ ಕೆಳಗಿನ ಅರೆಯಲ್ಲಿ, ಒಡೆದ ಭೂಗೋಳದ ಪಕ್ಕದಲ್ಲಿ ಈಗ ನಾನಿದ್ದೇನೆ. ಅಂಚಿನ ಕೊಯ್ತ ಕಪ್ಪಾಗಿದೆ. ಬೀಗದ ಕೈ ಯಾರ ಬಳಿ ಇದೆಯೋ ತಿಳಿಯದು.

ಅರಸರು ಹೋದರು, ಊರುಗಳು ಸುಟ್ಟವು. ಅದಕ್ಕೆಲ್ಲ ನಾನು ಅತ್ತವನಲ್ಲ. ನಾನು ಖರೇ ಬೆಳ್ಳಿ. ಆದರೆ ನಾನು ಖರೇ ಆಗಿದ್ದರಿಂದ ಆ ಓಣಿಯ ಇಬ್ಬರು ಹೆಂಗಸರಿಗೆ ಏನೂ ಒಳ್ಳೆಯದಾಗಲಿಲ್ಲ. ಬೆಳ್ಳಿ ಬೇಗ ಸಾಯುವುದಿಲ್ಲ. ಇನ್ನೂ ಎಷ್ಟು ಕಾಲ ಇದನ್ನೇ ನೆನೆಯುತ್ತ ಇಲ್ಲಿ ಬಿದ್ದಿರಬೇಕೋ ಏನೋ.