ಪುಟ್ಟರಂಗಯ್ಯ ತನಗೆ ತಾನೇ ಹಾಡಿಕೊಂಡ ಪದ

ಗುಬ್ಬಿಯ ಸುತ್ತಮುತ್ತ ಯಾರೇ ಕಣ್ಣು ಮುಚ್ಚಲಿ, ತಂಬೂರಿ ಹೆಗಲಿಗೇರಿಸಿ ಹೊರಡುತ್ತಿದ್ದವನು ಪುಟ್ಟರಂಗಯ್ಯ. ಹೆಣದ ತಲೆದೆಸೆಯಲ್ಲಿ ಕೂತು, ಸತ್ತವರ ಹೆಸರು ಸೇರಿಸಿ, ಕಳಿಸಿಕೊಡುವ ಪದ ಹಾಡುತ್ತಿದ್ದ. ಶುರು ಮಾಡಿದ ಪದವನ್ನು ಹೆಣ ಎತ್ತುವವರೆಗೆ ನಿಲ್ಲಿಸಬಾರದು, ಮಣ್ಣಾದ ಮೇಲೆ ಹಾಡಬಾರದು. ಗುರು ಹೇಳಿಕೊಟ್ಟ ಕಟ್ಟಳೆ ಅದು. ಸಾವಿನ ಮನೆಗೆ ಬೇಕಾದವನು ಮದುವೆ ಮನೆಗೆ ಬೇಡ. ಹಾದಿಯಲ್ಲಿ ಎದುರಾದರೆ ಪಕ್ಕದ ಓಣಿಗೆ ತಿರುಗುತ್ತಿದ್ದ ಜನವೇ, ಮನೆಯ ಮುದುಕಿಗೆ ಮೇಲುಸಿರು ಬಂದರೆ ಅವನ ಬಾಗಿಲಲ್ಲಿ ಹಾಜರು. ಎಂಥ ನ್ಯಾಯವೋ.

ಆ ಕಟ್ಟಳೆಯೇ ಅವನ ಮನೆ ಮುರಿಯಿತು. ಎಪ್ಪತ್ತೊಂದನೇ ಇಸವಿಯಲ್ಲಿ ಊರ್ಡಿಗೆರೆಯ ಸಾವಿನ ಮನೆಯೊಂದರಲ್ಲಿ ಹಾಡುತ್ತಿದ್ದಾಗ, ಹೆಂಡತಿ ಹನುಮಂತಮ್ಮ ಹೋದಳೆಂದು ಸುದ್ದಿ ಬಂತು. ಪದ ನಿಲ್ಲಿಸಲಿಲ್ಲ. ಮುಗಿಸಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಒಬ್ಬಳೇ ಮಗಳು ರೇವಮ್ಮ ಅಮೃತೂರಿನ ಗಂಡನ ಮನೆಗೆ ಹೊರಟುಹೋದವಳು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಏಳು ವರ್ಷ, ಬಸ್ಸಿನ ಸದ್ದಾದಾಗಲೆಲ್ಲ ಅವನು ಬಾಗಿಲ ಕಡೆ ನೋಡಿದ. ಅವಳು ಒಂದು ಸಲ ಬಂದರೆ ಸಾಕಿತ್ತು ಅವನಿಗೆ.

ಎಪ್ಪತ್ತೆಂಟರಲ್ಲಿ ತುಮಕೂರಿನಿಂದ ಶಿವರಾಮಯ್ಯ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದು ಬಂದರು. ಅವನ ಪದವನ್ನು ರೇಡಿಯೋಗೆ ಕೊಡಬೇಕಂತೆ.

“ಹೆಸರು ಬಿಟ್ಟು ಹಾಡಿ” ಎಂದರು.

“ಹೆಸ್ರಿಲ್ದೆ ಹಾಡಿದ್ರೆ ಪದ ಯಾರ್ ಮನೆ ಹುಡುಕ್ಕೊಂಡ್ ಹೋಯ್ತದೋ. ಬ್ಯಾಡಿ ಮೇಷ್ಟ್ರೇ.”

ಬದುಕಿರುವವರ ಹೆಸರು ಸೇರಿಸಿದರೆ ಅವರಿಗೆ ಕೇಡು. ಹೆಂಡತಿಯದು ಸೇರಿಸೋಣವೆಂದರೆ ಅವಳು ಮಣ್ಣಾಗಿ ಏಳು ವರ್ಷ. ಕೇಡಾದರೆ ತನಗೇ ಆಗಲಿ ಎಂದು ತನ್ನ ಹೆಸರನ್ನೇ ಸೇರಿಸಿ ಹಾಡಿದ. ಹೇಗೂ ತಾನು ಸತ್ತರೆ ಹಾಡುವವರು ಯಾರಿದ್ದರು?

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವನು ಮುದ್ದೆ ಮುರಿಯುತ್ತಿದ್ದಾಗ ರೇವಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹೆಣಕ್ಕೆ ಹಾಕುವ ಹೂವಿನ ಹಾರ. ಮುರಿದ ತುತ್ತನ್ನು ಅವನು ತಟ್ಟೆಗೇ ಇಟ್ಟ.

“ಬೆಳಿಗ್ಗೆ ರೇಡಿಯೋದಲ್ಲಿ ನಿನ್ ಹೆಸ್ರು ಕೇಳ್ದೆ. ಆಮೇಲೆ ಏನೂ ಕೇಳಿಸ್ಲಿಲ್ಲ, ನೀನ್ ಹೋದೆ ಅನ್ಕೊಂಡು ಬಸ್ ಹತ್ತಿದೆ. ಹಾಡಿದ್ದು ನೀನೇ ಅಂತ ಕುಣಿಗಲ್ ದಾಟಿದ್ಮೇಲೆ ಹೊಳೀತು.”

“ವಾಪಸ್ ಹೋಗ್ಬೋದಿತ್ತಲ್ಲ ಮಗಾ.”

“ಹೋಗ್ಬೋದಿತ್ತು.” ಅವಳು ಹೊಸ್ತಿಲಿನ ಆಚೆಯೇ ಕೂತಳು. “ಅವ್ವಂಗೆ ಹಾಡ್ಲಿಲ್ಲ. ನಿಂಗೆ ನೀನೇ ಹಾಡ್ಕೊಂಡ್ಯಾ ಅಪ್ಪ?”

“ಮಣ್ಣಾದ್ಮೇಲೆ ಹಾಡೋ ಹಂಗಿಲ್ಲ ಕಣವ್ವ.”

“ಉಸಿರಾಡೋನಿಗೆ ಹಾಡೋ ಹಂಗೈತಾ?”

ಅದಕ್ಕೆ ಅವನ ಗುರು ಏನೂ ಹೇಳಿಕೊಟ್ಟಿರಲಿಲ್ಲ. ಪುಟ್ಟರಂಗಯ್ಯನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೈ ತೊಳೆದು, ಗೂಟದಿಂದ ತಂಬೂರಿ ಇಳಿಸಿ ಹಾಡತೊಡಗಿದ. ಊರವರ ಹೆಣಗಳ ಮುಂದೆ ಒಮ್ಮೆಯೂ ನಡುಗದ ದನಿ, ಹೆಸರು ಬರುವ ಜಾಗಕ್ಕೆ ಬಂದು ಕಟ್ಟಿಹೋಯಿತು. ಬರೀ ತಂತಿ ಮೀಟುತ್ತ ಕೂತ.

“ಹನುಮಂತಮ್ಮ” ಎಂದಳು ರೇವಮ್ಮ.

ಅವನು ಆ ಹೆಸರು ಹಿಡಿದುಕೊಂಡು ಪದ ಮುಗಿಸಿದ.

ಅವಳು ಕಣ್ಣೊರೆಸಿಕೊಂಡು ಎದ್ದಳು, ಒಳಗೆ ಬರಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಹಾರವನ್ನು ಹೊಸ್ತಿಲ ಮೇಲಿಟ್ಟು ಹೇಳಿದಳು:

“ಇನ್ನೊಂದ್ ಸಲ ನಿನ್ ಹೆಸ್ರು ನೀನ್ ಹಾಡ್ಕೋಬ್ಯಾಡ. ಅದ್ಕೆ ನಾನಿದೀನಿ.”

ಬಸ್ಸಿನ ಸದ್ದು ಅಡಗುವವರೆಗೂ ಕೇಳಿಸಿಕೊಂಡು, ಅವನು ತಣ್ಣಗಾಗಿದ್ದ ಮುದ್ದೆಯ ಮುಂದೆ ಮತ್ತೆ ಕೂತ.