ಮಗುವನ್ನು ಕೊಟ್ಟವಳು ನಾನು

ನಮ್ಮ ಶಾಲೆಯ ಬಾಗಿಲು ಕಾಯುವ ಆಯಾ ನಾನು. ಸಂಜೆ ನಾಲ್ಕಕ್ಕೆ ಗಂಟೆ ಹೊಡೆದು, ಒಂದೊಂದೇ ಮಗುವನ್ನು ಕರೆಯಲು ಬಂದವರ ಕೈಗೆ ಒಪ್ಪಿಸುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ಯಾವ ಮಗುವನ್ನು ಯಾರು ಕರೆದೊಯ್ಯಬಹುದು ಎಂದು ಮನೆಯವರು ಸಹಿ ಹಾಕಿಕೊಟ್ಟ ಪತ್ರಗಳ ಕಡತ ಬಾಗಿಲ ಪಕ್ಕದ ಕಪಾಟಿನಲ್ಲಿರುತ್ತದೆ. ನಾನು ಅದನ್ನು ತೆರೆದವಳೇ ಅಲ್ಲ. ಬೆಟ್ಟದ ಮೇಲಿನ ಈ ಊರಿನಲ್ಲಿ ಇರುವುದೇ ಒಂಬೈನೂರು ಜನ. ಯಾರ ಅಜ್ಜಿ ಯಾರು, ಯಾರ ಅತ್ತೆ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಎಲ್ಲ ನನಗೆ ಗೊತ್ತು. ಕಾಗದ ಓದುವುದು ಗೊತ್ತಿಲ್ಲದವರ ಕೆಲಸ ಎಂದುಕೊಂಡಿದ್ದೆ.

ಎರಡನೇ ತರಗತಿಯ ಒರ್ನೆಲ್ಲಾ ಟೀಚರ್ ಗುರುವಾರ ಮಧ್ಯಾಹ್ನ ಒಂದು ಗಂಟೆ ಹೊತ್ತನ್ನು ತಾಯಂದಿರಿಗೆಂದೇ ಎತ್ತಿಡುತ್ತಿದ್ದರು. ಗಂಡನ ಕೆಲಸ ಹೋದವಳು, ಮಗು ಅನ್ನ ಮುಟ್ಟುವುದಿಲ್ಲ ಎನ್ನುವವಳು, ಮೊಮ್ಮಕ್ಕಳನ್ನು ಸಾಕುವ ಮುದುಕಿಯರು ಎಲ್ಲರೂ ಬಂದು ಮಕ್ಕಳ ಸಣ್ಣ ಕುರ್ಚಿಗಳಲ್ಲಿ ಕೂರುತ್ತಿದ್ದರು. ಟೀಚರ್ ಕೆಲವರಿಗೆ ಅರ್ಜಿ ಬರೆದುಕೊಡುತ್ತಿದ್ದರು, ಕೆಲವರನ್ನು ತಾವೇ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಕಾಫಿ ಮಾಡುವವಳು ನಾನು. ಕಾಫಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತಿತ್ತು. ಅದಕ್ಕೆ ನನಗೆ ಒಳಗೇ ಉರಿಯುತ್ತಿತ್ತು.

ಆ ಶರತ್ಕಾಲದಲ್ಲಿ ಅವರ ತರಗತಿಯ ಹುಡುಗಿ ನೊಯೆಮಿಯ ತಾಯಿ ಲೊರೆದಾನಾ ನಾಲ್ಕು ಗುರುವಾರ ಒಬ್ಬಳೇ ಬಂದಳು. ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಮಾತು ಕಡಿಮೆ. ಏನು ಸಮಾಚಾರ ಎಂದು ಟೀಚರನ್ನು ಕೇಳಿದೆ. ಮಗು ಲೆಕ್ಕದಲ್ಲಿ ಹಿಂದೆ ಬಿದ್ದಿದೆ ಎಂದರು. ನಾನು ನಂಬಿದೆ.

ನವೆಂಬರಿನ ಒಂದು ಮಂಗಳವಾರ ಒರ್ನೆಲ್ಲಾ ಟೀಚರಿಗೆ ಜ್ವರ. ಅವರ ಬದಲಿಗೆ ಪೊತೆಂಜಾ ನಗರದಿಂದ ಒಬ್ಬ ಎಳೆಯ ಟೀಚರ್ ಬಂದಿದ್ದಳು. ನಾಲ್ಕು ಗಂಟೆಗೆ ನೊಯೆಮಿಯನ್ನು ಕರೆಯಲು ಬಂದವರು ಅವಳ ಅಪ್ಪನ ಅಪ್ಪ, ಊರೆಲ್ಲ ಮಾವ ಎಂದೇ ಕರೆಯುವ ದೊನಾತೊ ಮಾವ. ಹೊಸ ಟೀಚರ್ ಕಡತ ಹಿಡಿದು ಪುಟ ತಿರುಗಿಸುತ್ತ, ಇವರು ಯಾರು ಎಂದು ನನ್ನನ್ನು ಕೇಳಿದಳು.

"ಮಗೂಗೆ ಅಜ್ಜ ಕಣಮ್ಮ. ಇವರ ಅಪ್ಪನ ಕತ್ತೆ ಹೆಸರೂ ನಂಗೊತ್ತು. ಅದನ್ನ ಮುಚ್ಚಿಡು, ಮಕ್ಕಳು ಹಸಿದಿವೆ."

ಸುತ್ತ ನಿಂತಿದ್ದ ತಾಯಂದಿರು ನಕ್ಕರು. ಆ ಹುಡುಗಿಯ ಮುಖ ಕೆಂಪಾಯಿತು, ಕಡತ ಮುಚ್ಚಿದಳು. ನೊಯೆಮಿ ಒಮ್ಮೆ ತಲೆಯೆತ್ತಿ ನನ್ನನ್ನೇ ನೋಡಿದಳು. ಚೀಲದ ಪಟ್ಟಿ ಜಾರಿದೆ ಎಂದುಕೊಂಡು ಸರಿಮಾಡಿದೆ. ಆಮೇಲೆ ಅವಳ ಕೈಯನ್ನು ಮಾವನ ಕೈಯಲ್ಲಿಟ್ಟೆ.

ಹತ್ತು ನಿಮಿಷಕ್ಕೆ ಲೊರೆದಾನಾ ಬಂದಳು, ತೋಳಿನ ತುಂಬ ಮೈದಾಹಿಟ್ಟು. ಅಜ್ಜ ಬಂದಿದ್ದರು, ಕಳಿಸಿದೆ ಎಂದೆ. ಅವಳು ಗೋಡೆ ಹಿಡಿದು ಹಾಗೇ ಕೆಳಗೆ ಕುಸಿದಳು. ಕಡತದಲ್ಲಿದ್ದ ಹೊಸ ಪತ್ರವನ್ನು ಆ ಟೀಚರ್ ಆಗ ಓದಿದಳು, ಗಟ್ಟಿಯಾಗಿ. ಬೇಸಿಗೆಯಲ್ಲಿ ಲೊರೆದಾನಾಳ ಗಂಡ ಜೆರಾರ್ದೊ ಅವಳ ತೋಳು ಮುರಿದಿದ್ದ. ಮೆಟ್ಟಿಲಿಂದ ಬಿದ್ದೆ, ಗಂಡ ಕೆಲಸಕ್ಕೆ ಹೊರಗೆ ಹೋಗಿದ್ದಾನೆ ಎಂದು ಅವಳು ಊರಿಗೆಲ್ಲ ಹೇಳಿದ್ದಳು. ಮಗುವನ್ನು ಎತ್ತಿಕೊಂಡು ಜರ್ಮನಿಯಲ್ಲಿರುವ ಅಣ್ಣನ ಹತ್ತಿರ ಹೋಗುತ್ತೇನೆ, ಅವಳ ಮುಖ ಸಹ ನಿನಗೆ ಕಾಣಸಿಗದ ಹಾಗೆ ಮಾಡುತ್ತೇನೆ ಎಂದಿದ್ದ. ತಾಯಿಯ ಹತ್ತಿರವಾಗಲಿ ಮಗುವಿನ ಹತ್ತಿರವಾಗಲಿ ಸುಳಿಯಬಾರದು ಎಂದು ಕೋರ್ಟು ಅವನಿಗೆ ಹೇಳಿತ್ತು. ಅವನ ಕಡೆಯ ಯಾರಿಗೂ ಮಗುವನ್ನು ಕೊಡಕೂಡದೆಂದು ಒರ್ನೆಲ್ಲಾ ಟೀಚರೇ ಕೂತು ಪತ್ರ ಬರೆಸಿದ್ದರು. ಅಂದಿನಿಂದ ದಿನವೂ ತಾವೇ ಮಗುವನ್ನು ತಾಯಿಯ ಕೈಗೆ ಕೊಡುತ್ತಿದ್ದರು, ಅದಕ್ಕೂ ಲೆಕ್ಕದ ಪಾಠವೇ ಕಾರಣ ಎಂದುಕೊಂಡಿದ್ದೆ ನಾನು.

ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ ಎಂದೆ. ಎಂಥ ಹೊತ್ತಿನಲ್ಲಿ ಎಂಥ ಪ್ರಶ್ನೆ!

"ನಿಂಗೆ ಹೇಳಿದ್ರೆ ಸಂಜೆಯೊಳಗೆ ಊರಿಗೆ ಗೊತ್ತಾಗ್ತಿತ್ತು, ನುನ್ಸಿಯಾ," ಎಂದಳು ಲೊರೆದಾನಾ. "ಟೀಚರ್ ಹೇಳೋಣ ಅಂದ್ರು. ನಾನೇ ಬೇಡ ಅಂದೆ."

ಪೊಲೀಸ್ ಠಾಣೆ ಇರುವುದು ಕಣಿವೆಯ ಆಚೆ, ಬರಲು ಅರ್ಧ ಗಂಟೆ ಬೇಕು. ಹೊಸ ಟೀಚರ್ ಫೋನ್ ಮಾಡುತ್ತಿರುವಾಗಲೇ ನಾನು ಲೊರೆದಾನಾಳನ್ನು ಎಬ್ಬಿಸಿ ನನ್ನ ಹಳೆಯ ಕಾರಿಗೆ ಹತ್ತಿಸಿದೆ. ಮಾವನ ಮನೆಯ ಕಿಟಕಿಗಳು ಮುಚ್ಚಿದ್ದವು. ಅವರ ಆಪೆ ಗಾಡಿ ಅಂಗಳದಲ್ಲಿರಲಿಲ್ಲ. ಮಗ ಊರೊಳಗೆ ಮುಖ ತೋರಿಸುವಂತಿಲ್ಲ, ಮಗುವನ್ನು ಅವನಿದ್ದಲ್ಲಿಗೇ ಒಯ್ದಿರಬೇಕು. ಆ ಮೂರು ಗಾಲಿಯ ಗಾಡಿ ದೊಡ್ಡ ರಸ್ತೆಗೆ ಇಳಿಯುವುದಿಲ್ಲ, ಹಾಗಾಗಿ ಜೆರಾರ್ದೊ ಅದು ಹೋಗಬಲ್ಲ ಕೊನೆಯ ಜಾಗಕ್ಕೇ ಬರಬೇಕು. ಅದು ಕೆಳಗೆ ರಸ್ತೆ ಕವಲೊಡೆಯುವಲ್ಲಿನ ಪೆಟ್ರೋಲ್ ಬಂಕ್.

ಇಳಿಜಾರಿನ ಹದಿನಾಲ್ಕು ತಿರುವು. ಪ್ರತಿ ತಿರುವಿನಲ್ಲೂ ಎದುರಿಗೆ ಕಾರು ಬಂದರೆ ಲೊರೆದಾನಾ ನನ್ನ ತೊಡೆ ಹಿಡಿಯುತ್ತಿದ್ದಳು. ಅವಳ ಉಗುರಿನ ಗುರುತು ಆಮೇಲೆ ಸ್ನಾನ ಮಾಡುವಾಗ ಕಂಡಿತು.  

ಗಾಡಿ ಬಂಕಿನ ಹಿಂದೆಯೇ ನಿಂತಿತ್ತು. ನೊಯೆಮಿ ಒಳಗೆ ಕೂತು ಕ್ರೀಮ್ ಬನ್ನು ಹಿಡಿದುಕೊಂಡಿದ್ದಳು, ಕಚ್ಚಿರಲಿಲ್ಲ. ದೊನಾತೊ ಮಾವ ರಸ್ತೆ ನೋಡುತ್ತ ನಿಂತಿದ್ದರು. ನಮ್ಮನ್ನು ಕಂಡು ಗಾಡಿಯ ಬಾಗಿಲಿಗೆ ಅಡ್ಡ ಬಂದರು. ಲೊರೆದಾನಾಳ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದರು.

"ಒಂದ್ಸಲ ಮುಖ ನೋಡ್ಕೊಂಡು ಹೋಗ್ತಾನೆ ಕಣೆ. ತಂದೆ ಅಲ್ವಾ."

ಇನ್ನೊಂದು ಕ್ಷಣವಾಗಿದ್ದರೆ ಅವರನ್ನು ತಳ್ಳಿಬಿಡುತ್ತಿದ್ದೆ. ಆದರೆ ಮಗುವಿನ ಪಕ್ಕದಲ್ಲಿ ಹೊಸ ಕೋಟು ಕಂಡಿತು, ಬೆಲೆ ಚೀಟಿ ಕೂಡ ಕಿತ್ತಿರಲಿಲ್ಲ. ಮೊಣಕಾಲು ಮುಚ್ಚುವಂಥ, ಹಿಮ ಬೀಳುವ ದೇಶದಲ್ಲಿ ತೊಡುವ ಕೋಟು. ನಮ್ಮಲ್ಲಿ ಆಲಿವ್ ಕೀಳುವವರು ಇನ್ನೂ ಒಂದೇ ಸ್ವೆಟರಿನಲ್ಲಿದ್ದ ದಿನಗಳು ಅವು.

"ಮುಖ ನೋಡೋದಕ್ಕೆ ಈ ಕೋಟ್ ಯಾಕೆ, ಮಾವ?"

"ಅವನೇ ತಗೊಂಡು ಬಾ ಅಂದ. ಚಳಿ ಇರುತ್ತೆ ಅಂದ."

"ಎಲ್ಲಿ ಚಳಿ ಇರುತ್ತೆ?"

ಮಾವ ಕೋಟನ್ನು ನೋಡಿದರು, ರಸ್ತೆಯನ್ನು ನೋಡಿದರು. ಎಪ್ಪತ್ತು ದಾಟಿದ ಮನುಷ್ಯ ಒಂದು ಲೆಕ್ಕವನ್ನು ಬೇಡಬೇಡ ಎನ್ನುತ್ತಲೇ ಮಾಡಿ ಮುಗಿಸುವುದು ಮುಖದ ಮೇಲೆ ಕಾಣುತ್ತಿತ್ತು. ತಾವೇ ಗಾಡಿಯ ಬಾಗಿಲು ತೆಗೆದು, ಮಗುವನ್ನು ಎತ್ತಿ ಲೊರೆದಾನಾಳ ತೋಳಿಗೆ ಹಾಕಿದರು.

"ಹೋಗಿ. ಅವನು ಬಂದ್ರೆ ನಾನು ಮಾತಾಡ್ತೀನಿ."

ಮೇಲೆ ಬರುವಾಗ ನಾಲ್ಕನೇ ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದೆ. ಕೆಳಗೆ ಬೂದು ಬಣ್ಣದ ಕಾರೊಂದು ಬಂಕಿಗೆ ತಿರುಗಿತು. ನಾನು ಲೊರೆದಾನಾಗೆ ಹೇಳಲಿಲ್ಲ. ಅವಳು ಮಗುವಿನ ತಲೆಯನ್ನು ತೊಡೆಗೆ ಒತ್ತಿಕೊಂಡು ಮೇಲೆ ಕೈ ಮುಚ್ಚಿದ್ದಳು. ಮನೆಗೆ ಬೇಡ, ಶಾಲೆಗೆ ಹೋಗೋಣ ಎಂದಳು. ಶಾಲೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ, ಬೆಂಚು ಎಳೆದು ಅಡ್ಡ ಇಟ್ಟೆ. ಪೊಲೀಸರು ಬರುವವರೆಗೆ ಮೂವರೂ ಆ ಸಣ್ಣ ಕುರ್ಚಿಗಳಲ್ಲಿ ಕೂತಿದ್ದೆವು.

ಬಂಕಿನಲ್ಲಿ ಮಗ ತಂದೆಯ ದವಡೆ ಮುರಿದಿದ್ದ. ಬೂದು ಕಾರು ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಒರ್ನೆಲ್ಲಾ ಟೀಚರ್ ಜ್ವರದಲ್ಲೇ ಎದ್ದು ಬಂದು ತಪ್ಪು ತಮ್ಮದು ಎಂದರು. ನಿಮ್ಮದಲ್ಲ ಎಂದು ಅವರ ಮೇಲೇ ಸಿಟ್ಟು ಮಾಡಿದೆ. ಮೇಲಧಿಕಾರಿ ಎಚ್ಚರಿಕೆ ಪತ್ರ ಕೊಟ್ಟರು, ಸಹಿ ಹಾಕಿದೆ. ಈಗ ನಾನೂ ಗುರುವಾರ ಒಳಗೆ ಕೂರುತ್ತೇನೆ. ನನ್ನನ್ನೂ ಕೂರಿಸಿಕೊಳ್ಳಿ ಎಂದು ಟೀಚರನ್ನು ಲೊರೆದಾನಾಳೇ ಕೇಳಿದಳಂತೆ. ಅಲ್ಲಿ ಕೇಳಿದ್ದನ್ನು ನನ್ನ ಗಂಡನಿಗೂ ಹೇಳುವುದಿಲ್ಲ. ಊರಿನವರು ನುನ್ಸಿಯಾಗೆ ಮಾತು ಬಿದ್ದುಹೋಗಿದೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನಾಲ್ಕು ಗಂಟೆಯಾದರೆ ಮಾತ್ರ ಮೊದಲು ರಸ್ತೆ ನೋಡುತ್ತೇನೆ. ಗೇಟಿನ ಆಚೆ ಗೊತ್ತಿಲ್ಲದ ಕಾರು ನಿಂತರೆ ಅದು ಹೊರಡುವವರೆಗೆ ಗಂಟೆ ಹೊಡೆಯುವುದಿಲ್ಲ. ನೊಯೆಮಿಯ ಮಣಿಕಟ್ಟು ಹಿಡಿದು ನಿಲ್ಲುತ್ತೇನೆ. ಅವಳ ತಾಯಿಯ ಬೆರಳು ಅವಳ ಇನ್ನೊಂದು ಕೈಯನ್ನು ಸುತ್ತಿದ್ದು ಕಣ್ಣಿಂದ ನೋಡಿದ ಮೇಲೂ ಒಂದು ಕ್ಷಣ ಬಿಡಲಾಗುವುದಿಲ್ಲ.

"ನೋಯ್ತಿದೆ, ನುನ್ಸಿಯಾ ಅತ್ತೆ," ಎನ್ನುತ್ತಾಳೆ ಅವಳು.